ಒಂದೇ ಕುಲದ ಹುಲ್ಲು, ಬೇರೆ ಬೇರೆ ಎಣ್ಣೆ



ಮಜ್ಜಿಗೆ ಹುಲ್ಲು ನಿಮಗೆ ಗೊತ್ತು. ಎಲೆ ಹಿಸುಕಿದರೆ ನಿಂಬೆಹಣ್ಣಿನ ವಾಸನೆ. ಹುಲ್ಲಿಗೆ ನಿಂಬೆಯ ವಾಸನೆ ಎಲ್ಲಿಂದ ಬಂತು?

ಆ ಎಲೆಯೊಳಗೆ ಎಣ್ಣೆ ಇದೆ. ಇದು ಕಡಲೆಕಾಯಿ ಎಣ್ಣೆಯಂಥದ್ದಲ್ಲ. ಗಾಣಕ್ಕೆ ಹಾಕಿದರೆ ಬರೋದಿಲ್ಲ. ಹಂಡೆಯಲ್ಲಿ ಹುಲ್ಲು ತುಂಬಿ ಹಬೆ ಹಾಯಿಸಬೇಕು. ಹಬೆಯ ಜೊತೆ ಎಣ್ಣೆಯೂ ಆವಿಯಾಗಿ ಕೊಳವೆಯೊಳಗೆ ಹೋಗುತ್ತದೆ. ಕೊಳವೆಗೆ ತಣ್ಣೀರು ತಾಗಿದರೆ ಎರಡೂ ತಣಿದು ತೊಟ್ಟಿಕ್ಕುತ್ತವೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ. 100 ಕಿಲೋ ಹಸಿ ಹುಲ್ಲಿಗೆ ಅರ್ಧ ಕಿಲೋ ಎಣ್ಣೆ ಸಿಕ್ಕರೆ ಅದೇ ಹೆಚ್ಚು! ಕೊಯ್ದು ಹೊರುವ ಕೈಗಳಿಗೆ ಅದರ ಕಷ್ಟ ಗೊತ್ತು.

ಈ ಎಣ್ಣೆಯಲ್ಲಿ ಹಲವು ವಸ್ತುಗಳು ಬೆರೆತಿವೆ. ಮುಖ್ಯವಾದದ್ದು ಸಿಟ್ರಾಲ್. ನಿಧಾನವಾಗಿ ಓದಿ: ಸಿಟ್ರಾಲ್. 100 ಪಾಲು ಎಣ್ಣೆಯಲ್ಲಿ ಸುಮಾರು 70ರಿಂದ 80 ಪಾಲು ಅದೇ. ನಿಂಬೆಯ ಸಿಪ್ಪೆಯಲ್ಲೂ ಸ್ವಲ್ಪ ಸಿಟ್ರಾಲ್ ಇದೆ. ವಾಸನೆ ಕೂಡಿದ್ದು ಹೀಗೆ.

ಮಜ್ಜಿಗೆ ಹುಲ್ಲಿಗೆ ದಾಯಾದಿಗಳಿದ್ದಾರೆ. ಒಂದು ಪಾಮರೋಸಾ. ಅದರಲ್ಲಿ ಜೆರಾನಿಯಾಲ್ ಹೆಚ್ಚು, ಗುಲಾಬಿಯ ವಾಸನೆ. ಹಿಂದೆ ಈ ಎಣ್ಣೆ ಮುಂಬಯಿಯಿಂದ ಹಡಗಿನಲ್ಲಿ ತುರ್ಕಿ ದೇಶಕ್ಕೆ ಹೋಗಿ ಗುಲಾಬಿ ಅತ್ತರಿನೊಳಗೆ ಸೇರುತ್ತಿತ್ತಂತೆ. ಕಲಬೆರಕೆ ಹಳೆಯ ವಿದ್ಯೆ! ಪಾಮರೋಸಾದಲ್ಲೇ ಎರಡು ಬಗೆ, ಮೋತಿಯಾ ಮತ್ತು ಸೋಫಿಯಾ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಸೋಫಿಯಾ ಎಣ್ಣೆಯಲ್ಲಿ ಜೆರಾನಿಯಾಲ್ ಕಡಿಮೆ, ಬೆಲೆಯೂ ಕಡಿಮೆ. ಇನ್ನೊಂದು ದಾಯಾದಿ ಸಿಟ್ರೊನೆಲ್ಲಾ. ಇದರ ಎಣ್ಣೆಯನ್ನು ಸೊಳ್ಳೆ ಓಡಿಸಲು ಬಳಸುತ್ತಾರೆ.

ಇದನ್ನು ಯಾಕೆ ತಿಳಿಯಬೇಕು ಅಂತೀರಾ? ಮಜ್ಜಿಗೆ ಹುಲ್ಲಿನ ಎಣ್ಣೆಗೆ ಸಿಟ್ರಾಲ್ ನೋಡಿ ಬೆಲೆ ಕಟ್ಟುತ್ತಾರೆ. ಬೇರೆ ಹುಲ್ಲು ಬೆರೆತರೆ ಸಿಟ್ರಾಲ್ ಇಳಿಯುತ್ತದೆ, ಕೂಲಿಯೂ ಗಿಟ್ಟೋದಿಲ್ಲ. ಆದ್ದರಿಂದ ಕುಡುಗೋಲು ಹಾಕುವ ಮುಂಚೆ ಒಂದು ಎಲೆ ಹಿಸುಕಿ ಮೂಸಿ. ಇದಕ್ಕೆ ಯಾವ ಯಂತ್ರವೂ ಬೇಡ.

ಎಣ್ಣೆ ಕೊಳ್ಳುವಾಗ ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ. ಒಳ್ಳೆಯ ಎಣ್ಣೆ ಬಹುಮಟ್ಟಿಗೆ ಆರಿಹೋಗುತ್ತದೆ. ಅಡುಗೆ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ.

“ಹಾಗಾದರೆ ಈ ಎಣ್ಣೆ ಕುಡಿಯಬಹುದಾ ಮೇಡಂ?” ಅಂತ ಕೇಳುವವರಿದ್ದಾರೆ. ಬೇಡ. ನಾಲ್ಕು ಎಲೆ ಹಾಕಿದ ಕಷಾಯದಲ್ಲಿ ಎಣ್ಣೆ ತೀರ ಕಡಿಮೆ. ಸೀಸೆಯ ಎಣ್ಣೆ ಹೊರೆ ಹುಲ್ಲಿನ ಸಾರ. ಬರೀ ಚರ್ಮಕ್ಕೆ ಹಚ್ಚಿದರೂ ಉರಿಯಬಹುದು. ಕೂಸುಗಳಿಗಂತೂ ಹಚ್ಚಲೇಬೇಡಿ. ಸೀಸೆಯನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.