ಹಾಲಿನ ಚೀಟಿ ನೋಡುವಂತೆ ಪಂಚಾಯತಿ ಲೆಕ್ಕವನ್ನೂ ನೋಡಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ದಿನಕ್ಕೆ ಎರಡು ಹೊತ್ತು ಸಂಘಕ್ಕೆ ಹಾಲು ಹಾಕುವ ನೀವು, ಫ್ಯಾಟ್ ಒಂದಿಷ್ಟು ಕಡಿಮೆ ಬಂದರೂ ಸುಮ್ಮನೆ ಮನೆಗೆ ಹೋಗುವುದಿಲ್ಲ. "ನಿನ್ನೆ ಇಷ್ಟಿತ್ತು, ಇವತ್ತು ಯಾಕೆ ಹೀಗಾಯಿತು?" ಎಂದು ಕೇಳುತ್ತೀರಿ. ಬಟವಾಡೆಯ ದಿನ ಲೀಟರಿಗೆ ಲೀಟರು ತಾಳೆ ನೋಡುತ್ತೀರಿ. ಅದು ನಿಮ್ಮ ಹಕ್ಕು. ಸಂಘಗಳು ಉಳಿದು ಬೆಳೆದಿರುವುದೇ ಅದರಿಂದ. ಆದರೆ ಅದೇ ಊರಿನ ಪಂಚಾಯತಿಗೆ ಬರುವ ಹಣದ ಬಗ್ಗೆ ನಾವು ಐದು ವರ್ಷಕ್ಕೊಮ್ಮೆ, ಮತ ಕೇಳಲು ಬಂದಾಗ ಮಾತ್ರ ಯೋಚಿಸುತ್ತೇವೆ. ಈ ದಿನ ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ.

ಯಾರಿಗೆ ಮತ ಹಾಕಬೇಕೆಂದು ಹೇಳಲು ನಾನು ಬಂದಿಲ್ಲ. ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವಂಥದ್ದು. ಅಭ್ಯರ್ಥಿಯ ಗುಣ ನೋಡಿ ಮತ ಹಾಕಲಿ ಎಂಬುದೇ ಅದರ ಉದ್ದೇಶ.

ಪಂಚಾಯತಿಗೂ ಹಸುವಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ನಾಲ್ಕನೆಯದೇ ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಬೇಸಿಗೆಯಲ್ಲಿ ಕಡೂರಿನ ಬಯಲು ಸೀಮೆಯ ದನಗಳಿಗೆ ನೀರಿನ ತೊಟ್ಟಿ ತುಂಬಬೇಕಾದದ್ದು ಪಂಚಾಯತಿ. ಹಾಲಿನ ಗಾಡಿ ಬರುವ ಊರೊಳಗಿನ ರಸ್ತೆ ಅದರದೇ. ಉದ್ಯೋಗ ಖಾತರಿ ಯೋಜನೆಯಲ್ಲಿ ದನದ ಕೊಟ್ಟಿಗೆ ಕಟ್ಟಿಸಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಹೆಸರುಗಳು ಗ್ರಾಮಸಭೆಯ ಮುಂದೆ ಬರಬೇಕಾದವು. ಗೋಮಾಳದ ವಿಷಯ ಕಂದಾಯ ಇಲಾಖೆಯದಾದರೂ, ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸಬಹುದು. ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿ ಮೇವಿನ ನೆಲದ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಚುನಾವಣೆ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು; ಆಡಳಿತಾಧಿಕಾರಿಗಳೇ ಕೆಲಸ ನೋಡಿಕೊಂಡರು. 2016ರ ಚುನಾವಣೆಯ ನಂತರ ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. ಆದರೆ 2021ರಲ್ಲಿ ಅವಧಿ ಮುಗಿದಾಗಲೂ ಅಲ್ಲಿಯ ಜನ ತಮ್ಮದೇ ತಾಲ್ಲೂಕು ಪಂಚಾಯತಿಗೆಂದು ಒಂದು ಬಾರಿಯೂ ಮತ ಹಾಕಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದರೆ ಯಾವ ಸದಸ್ಯರ ಮನೆ ಬಾಗಿಲು ತಟ್ಟಬೇಕು? ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಅವರು ನಾಳೆ ವರ್ಗವಾಗಿ ಹೋಗುತ್ತಾರೆ. ನಿಮ್ಮ ಮತ ಕೇಳಲು ಮತ್ತೆ ಬರಬೇಕಾದವರಲ್ಲ.

ಇನ್ನೊಂದು ಪಿಡುಗು ಇದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯ ಕಾಲದಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹಣ ದೇವಸ್ಥಾನಕ್ಕೆ ಹೋಗುತ್ತದೆ, ಜಗಳ ತಪ್ಪುತ್ತದೆ ಎಂದು ಸಮಾಧಾನ ಹೇಳುವವರುಂಟು. ನಮ್ಮ ಸಂಘದ ನಿಯಮವನ್ನು ನೆನೆಯಿರಿ. ನಲವತ್ತು ಲೀಟರ್ ಹಾಕುವ ಸದಸ್ಯರಿಗೂ ಒಂದೇ ಮತ, ಎರಡು ಲೀಟರ್ ಹಾಕುವ ಸದಸ್ಯರಿಗೂ ಒಂದೇ ಮತ. ಹರಾಜಿನಲ್ಲಿ ಎರಡು ಲೀಟರಿನವರಿಗೆ ಜಾಗವೆಲ್ಲಿದೆ? ಹಣ ಕೊಟ್ಟು ಕುಳಿತವರು ಮೊದಲು ಆ ಹಣ ವಾಪಸು ತೆಗೆಯುವುದನ್ನೇ ನೋಡುತ್ತಾರೆ.

ತಾಯಂದಿರಿಗೆ ಒಂದು ಮಾತು. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದಾಗ ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. 2010ರಲ್ಲಿ ಅದು ನೂರಕ್ಕೆ 50 ಆಯಿತು. ಹಾಲು ಕರೆಯುವ ಕೈಗಳು ಬಹುಪಾಲು ನಿಮ್ಮವು. ಗೆದ್ದ ಮೇಲೆ ರುಜು ನಿಮ್ಮದು, ಮಾತು ಮನೆಯವರದು ಎಂದಾಗಬಾರದು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ವರ್ಮಾಂಟ್ ನಮ್ಮಂತೆಯೇ ಹೈನುಗಾರಿಕೆಗೆ ಹೆಸರಾದ ಸಣ್ಣ ರಾಜ್ಯ. ಅಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆಯ ದಿನ. ಅನೇಕ ಊರುಗಳಲ್ಲಿ ಜನರು ಒಂದೆಡೆ ಸೇರಿ, ಊರಿನ ಪದಾಧಿಕಾರಿಗಳನ್ನು ಆರಿಸಿ, ರಸ್ತೆಗೆಷ್ಟು ಇತರ ಕೆಲಸಕ್ಕೆಷ್ಟು ಎಂದು ಚರ್ಚಿಸಿ, ಖರ್ಚಿನ ಲೆಕ್ಕಕ್ಕೂ ತಾವೇ ಮತ ಹಾಕುತ್ತಾರೆ. ನಮ್ಮ ಕಾನೂನಿನಲ್ಲೂ ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಸಭೆ ಇದೆ, ಹೋಗುವವರು ನಾವಾಗಬೇಕು.

ಆದ್ದರಿಂದ ಮೂರು ಕೆಲಸ ಮಾಡಿ. ಚುನಾವಣೆಗೆ ಮುಂಚೆಯೇ ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರು ಇದೆಯೇ ನೋಡಿ. ಮತ ಕೇಳಲು ಬಂದವರನ್ನು ನೀರಿನ ತೊಟ್ಟಿ, ಗೋಮಾಳ, ಪಶು ವೈದ್ಯರ ಬಗ್ಗೆ ನೇರವಾಗಿ ಕೇಳಿ. ಗೆದ್ದ ಮೇಲೆ ಗ್ರಾಮಸಭೆಗೆ ಸಂಘದ ಹತ್ತು ಮಂದಿ ಒಟ್ಟಾಗಿ ಹೋಗಿ, ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಏಳಬೇಡಿ. ಕಡೂರು, ಬೀರೂರು, ತರೀಕೆರೆ ಪಟ್ಟಣಗಳಲ್ಲಿರುವ ಸದಸ್ಯರು ತಮ್ಮ ಪುರಸಭೆಯ ಲೆಕ್ಕವನ್ನೂ ಹೀಗೆಯೇ ಕೇಳಬೇಕು.

ಕೇಳುವವರಿಲ್ಲದ ಕಡೆ ಹಾಲಿಗೂ ನೀರು ಬೀಳುತ್ತದೆ, ಪಂಚಾಯತಿ ಹಣಕ್ಕೂ ನೀರು ಬೀಳುತ್ತದೆ.