ಮೂರು ಕೀಲಿಯ ಪೆಟ್ಟಿಗೆ

(ಇಳಕಲ್ಲಿನಲ್ಲಿ ಸೇರಿದ್ದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತು)



ನನ್ನ ತಂಗಿ ಸಿಸ್ಟರ್ ಆಗಿ ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ನರ್ಸ್ ಕೆಲಸ ಮಾಡುತ್ತಾಳೆ. ಅವಳನ್ನು ನೋಡಿ ಬಂದ ದಿನದಿಂದ ಎಲ್ಲರೂ ಕೇಳುವುದು ಒಂದೇ: "ಅಲ್ಲಿ ಭಾಳ ಬಡತನ ಐತೇನವ್ವಾ?" ಐತಿ. ಆದರೆ ಅಷ್ಟೇ ಹೇಳಿ ಕುಂತರೆ ಸುಳ್ಳು ಹೇಳಿದಂಗ ಆಗತೈತಿ.

ಅವಳಿರುವುದು ದೊಡೊಮಾ ಸೀಮೆ. ಮಳೆ ಕಡಿಮೆ. ಜೋಳ, ಸಜ್ಜೆ, ಶೇಂಗಾ, ಸೂರ್ಯಕಾಂತಿ ಬೆಳೆಯುತ್ತಾರೆ, ದ್ರಾಕ್ಷಿ ತೋಟವೂ ಅದಾವು. ಹುನಗುಂದದ ಹೊಲದಾಗ ನಿಂತಂಗ ಅನಿಸಿತು. ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮಾಡಿ ಉಣ್ಣುತ್ತಾರೆ, ಉಗಾಲಿ ಅಂತಾರೆ. ರೊಟ್ಟಿ ಬಡಿಯುವ ತ್ರಾಸಿಲ್ಲ! ಅವರ ಸ್ವಾಹಿಲಿ ಮಾತಿನಲ್ಲಿ ಚಹಾಕ್ಕೆ ಚಾಯ್, ಅಂಗಡಿಗೆ ದುಕಾ.

ಬಡವರಿಗೆ ಕೊಡೋಣ ಅಂತ ಒಂದು ಚೀಲ ಹಳೆ ಸೀರೆ ಒಯ್ದಿದ್ದೆ. ಪರದೇಶದ ಹಳೆ ಬಟ್ಟೆ ಅಲ್ಲಿನ ಸಂತೆಗೆ ರಾಶಿ ರಾಶಿ ಬಂದು ಬೀಳುತ್ತದೆ ಎಂಬುದು ನನಗೇನು ಗೊತ್ತು? ತಂಗಿ ನೋಡಿ, "ಅಕ್ಕಾ, ನಿಮ್ಮ ಸಂಘದ ಲೆಕ್ಕದ ಪುಸ್ತಕ ತಂದಿದ್ರ ಚಲೋ ಇತ್ತು" ಅಂದಳು. ನನಗೆ ಸಿಟ್ಟು ಬಂತು.

ಮರುದಿನ ಹೆಂಗಸರ ಉಳಿತಾಯ ಗುಂಪಿಗೆ ಕರೆದುಕೊಂಡು ಹೋದಳು. ಗಿಡದ ಕೆಳಗೆ ಕುಂತಿದ್ದರು. ನಡುವೆ ಒಂದು ಪೆಟ್ಟಿಗೆ, ಅದಕ್ಕೆ ಮೂರು ಕೀಲಿ. ಕೀಲಿಕೈ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರ ಎದುರಿಗೇ ತೆಗೆಯಬೇಕು, ಎಣಿಸಬೇಕು. ಓದು ಬಾರದವಳಿಗೂ ತಿಳಿಯಲೆಂದು ಒಂದೊಂದು ಪಾಲಿಗೆ ಪುಸ್ತಕದಲ್ಲಿ ಒಂದೊಂದು ಮುದ್ರೆ. ವರ್ಷ ಮುಗಿದ ಮೇಲೆ ಉಳಿತಾಯ, ಬಡ್ಡಿ ಎಲ್ಲ ಹಂಚಿಕೊಂಡು ಮತ್ತೆ ಹೊಸದಾಗಿ ಸುರು. ಈ ಪದ್ಧತಿಯನ್ನು 1991ರಲ್ಲಿ ಕೇರ್ ಸಂಸ್ಥೆ ನೈಜರ್ ದೇಶದ ಮರಾದಿ ಸೀಮೆಯ ಹೆಂಗಸರೊಂದಿಗೆ ಆರಂಭಿಸಿತು. ನಮ್ಮಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಹತ್ತಿದ್ದು 1992ರಲ್ಲಿ. ಒಂದೇ ವರ್ಷದ ಅಂತರ ನೋಡ್ರಿ.

ಒಬ್ಬಾಕಿ ತಂಗಿಯ ಮೂಲಕ ಕೇಳಿದಳು: "ನಿಮ್ಮ ಸಂಘದ ಪುಸ್ತಕ ಯಾರು ಯಾರು ನೋಡತಾರ?" ಬಾಯಿ ಕಟ್ಟಿತು. ಆರು ತಿಂಗಳಿಂದ ನಮ್ಮ ಪುಸ್ತಕ ನನ್ನ ಟ್ರಂಕಿನಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ. ರೊಕ್ಕ ಮುಟ್ಟಿಲ್ಲ, ದೇವರಾಣೆ. ಆದರೆ ಅದನ್ನು ನಂಬಲು ನಿಮಗೆ ನನ್ನ ಮಾತು ಬಿಟ್ಟರೆ ಏನೈತಿ?

ತಿರುಗಿ ಬರುವಾಗ ಗುಳೇದಗುಡ್ಡ ನೆನಪಾಯಿತು. 1851ರಲ್ಲಿ ಬಾಸೆಲ್ ಮಿಶನ್‌ನವರು ಅಲ್ಲಿ ಬಂದು ನೆಲೆಸಿದರು. ಮುಂದೆ 1876-78ರ ದೊಡ್ಡ ಬರ. ಆಗ ನಮ್ಮ ಊರುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಜನ ಗುಳೆ ಹೋದರು, ಹಸಿದು ಸತ್ತರು. ದೂರದಲ್ಲಿದ್ದ ಆ ಮಿಶನರಿಗಳ ಅಕ್ಕ-ತಂಗಿಯರಿಗೆ ಬಡ ದೇಶ ಅಂದರೆ ನಾವೇ. ನಮ್ಮ ಹಸಿವಿನ ಸುದ್ದಿ ಅವರಿಗೆ ಮುಟ್ಟಿರಬೇಕು. ನಮ್ಮ ಮಗ್ಗದ ಸುದ್ದಿ, ಖಣದ ಸುದ್ದಿ ಎಷ್ಟು ಮುಟ್ಟಿತೋ?

ಅದಕ್ಕೇ ಆ ಹೆಂಗಸರ ಪೆಟ್ಟಿಗೆಯ ಮಾತು ಮೊದಲು ಹೇಳಿದೆ. ನಮ್ಮ ಪುಸ್ತಕ ಇವತ್ತು ತಂದೇನಿ. ನಮ್ಮ ಸಂಘದವರು ಊಟಕ್ಕ ಹೋಗೂಕಿಂತ ಮೊದಲು ಇಲ್ಲಿ ಬರ್ರಿ, ಎಲ್ಲರೂ ಕೂಡಿ ಬಿಚ್ಚಿ ನೋಡೋಣ.