ಕಾಯಕಕ್ಕೆ ತಕ್ಕ ಕೂಲಿ



ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಮರುಳಶಂಕರದೇವರು ಅಫಘಾನಿಸ್ತಾನದಿಂದ ಕಲ್ಯಾಣಕ್ಕೆ ಬಂದವರೆಂದು ನಮ್ಮ ಪರಂಪರೆ ಹೇಳುತ್ತದೆ. ಇಂದು ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ಕೋಲಾರದ ಕಾರ್ಖಾನೆಗಳಿಗೆ ಹೊರಗಿನವರು ಬರುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಅವರೂ ಹೊರಗಿನವರೇ.

2020ರ ಮೇ ತಿಂಗಳಲ್ಲಿ ಕಟ್ಟಡ ನಿರ್ಮಾಪಕರೊಡನೆ ಸಭೆಯಾದ ಮೇಲೆ, ಊರಿಗೆ ಹೊರಟ ಕಾರ್ಮಿಕರ ರೈಲುಗಳನ್ನು ನಮ್ಮ ಸರ್ಕಾರ ಬೇಡವೆಂದಿತು; ಟೀಕೆ ಎದ್ದ ಬಳಿಕ ಮತ್ತೆ ಬಿಡಿಸಿತು. ಸಂವಿಧಾನದ 19ನೇ ವಿಧಿಯ ಸಂಚಾರ ಸ್ವಾತಂತ್ರ್ಯ ಕೂಲಿಯವನಿಗೂ ಸೇರಿದ್ದಲ್ಲವೇ? ಅದೇ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂಧಲೆಯಾಯಿತು. ಒಡೆದದ್ದು ತಪ್ಪು. ಆದರೆ ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು.

ನಾನು ಸರ್ಕಾರಿ ಎಂಜಿನಿಯರಾಗಿದ್ದವನು. ಅಳತೆ ಪುಸ್ತಕದಲ್ಲಿ ಮಣ್ಣು, ಜಲ್ಲಿ, ಕಾಂಕ್ರೀಟಿನ ಲೆಕ್ಕವಿರುತ್ತದೆ. ಅವನ್ನು ಹೊತ್ತವರ ಕೈಗೆ ಎಷ್ಟು ತಲುಪಿತೆಂಬ ಕಾಲಂ ಇರುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನವರು ಪತಿ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿಸಿದರು. ಹೆಚ್ಚು ಪಡೆಯುವುದೇ ಸಲ್ಲದಿದ್ದರೆ, ದುಡಿದವರಿಗೆ ಕಡಿಮೆ ಕೊಡುವುದು ಸಲ್ಲುತ್ತದೆಯೇ? ಮನೆ, ಮಠ, ಕಲ್ಯಾಣ ಮಂಟಪ ಕಟ್ಟಿಸುವ ನಾವು ಮೇಸ್ತ್ರಿಗೆ ಹಣ ಕೊಟ್ಟು ಕೈತೊಳೆದುಕೊಳ್ಳಬಾರದು. ಪ್ರತಿ ಆಳಿಗೂ, ಹೆಣ್ಣಾಳಿಗೂ ಸಮನಾಗಿ, ಕೂಲಿ ಮುಟ್ಟಿತೇ ಎಂದು ವಾರಕ್ಕೊಮ್ಮೆ ಅವರನ್ನೇ ಕೇಳೋಣ. ದಾಸೋಹದ ಮಾತು ಆಮೇಲೆ.